ಕೂಲಿಯವರ ಕಾಯಿಲೆ ಮತ್ತು ಐದು ಲಕ್ಷದ ಕಾರ್ಡು

ದೀಪಾವಳಿ ಕಳೆದು ಇಬ್ಬನಿ ಬೀಳತೊಡಗಿದೊಡನೆ ಹಳಿಯಾಳ ಸೀಮೆಯಲ್ಲಿ ಕಬ್ಬಿನ ಹಂಗಾಮು ಕಾವೇರುತ್ತದೆ. ಹೊರಜಿಲ್ಲೆ, ಹೊರರಾಜ್ಯಗಳ ಕಟಾವಿನ ಗ್ಯಾಂಗುಗಳು ಬಂದಿಳಿಯುತ್ತವೆ. ಹೊಲದ ಅಂಚಿನಲ್ಲಿ ತಾಡಪಾಲಿನ ಗುಡಿಸಲುಗಳು ಏಳುತ್ತವೆ. ಅದೇ ಹೊತ್ತಿಗೆ ಜೋಯಿಡಾದ ಕಾಡಂಚಿನ ಊರುಗಳಲ್ಲಿ ಭತ್ತದ ಕೊಯ್ಲು, ಮುಂಡಗೋಡದ ಹೊಲಗಳಲ್ಲಿ ಗೋವಿನಜೋಳದ ರಾಶಿ. ದುಡಿಮೆಗೆ ಬಿಡುವಿಲ್ಲದ ಈ ದಿನಗಳಲ್ಲಿ ಕೂಲಿಯವನೊಬ್ಬ ಜ್ವರದಿಂದ ಮಲಗಿದರೆ ಆ ಮನೆಯ ಇಡೀ ವರ್ಷದ ಲೆಕ್ಕವೇ ಏರುಪೇರಾಗುತ್ತದೆ.

ಆ ಮನೆಯಲ್ಲಿ ಇಂದು ಆರೋಗ್ಯದ ಕಾರ್ಡೊಂದು ಇರುವ ಸಂಭವ ಸಾಕಷ್ಟಿದೆ. ಪ್ಲಾಸ್ಟಿಕ್ ಚೀಲದಲ್ಲಿ ಪಡಿತರ ಚೀಟಿಯ ಜೊತೆಗೆ ಸುತ್ತಿಟ್ಟ ಆ ಕಾರ್ಡಿನ ಬೆಲೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಆದರೂ ಜ್ವರ ಬಂದಾಗ ಮನೆಯವರು ಮೊದಲು ಹುಡುಕುವುದು ಸಾವಿರ ರೂಪಾಯಿ ಕೈಗಡ ಕೊಡುವವರನ್ನು. ಐದು ಲಕ್ಷದ ಭರವಸೆ ಇರುವ ಮನೆಯಲ್ಲಿ ಸಾವಿರಕ್ಕೆ ಪರದಾಟವೇಕೆ ಎಂಬ ಪ್ರಶ್ನೆ ಸಣ್ಣದಾಗಿ ಕಾಣಬಹುದು. ಬಡವರ ಆರೋಗ್ಯ ವಿಮೆಯ ಎಲ್ಲ ಗುಣದೋಷಗಳೂ ಆ ಪ್ರಶ್ನೆಯಲ್ಲೇ ಅಡಗಿವೆ.

ಒಂದೇ ಸೀಮೆ, ಎರಡು ನ್ಯಾಯ

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹಳಿಯಾಳದಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ದಾಂಡೇಲಿ ಇದೆ. 1950ರ ದಶಕದಲ್ಲಿ ಅಲ್ಲಿ ಕಾಗದ ಕಾರ್ಖಾನೆ ತಲೆಯೆತ್ತಿತು. ಕಾರ್ಖಾನೆಯೊಂದಿಗೆ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯೂ ಕಾಡಿನ ನಡುವಿನ ಆ ಪಟ್ಟಣಕ್ಕೆ ಬಂದಿತು. ಜನರ ಬಾಯಲ್ಲಿ ಅದು ಇ.ಎಸ್.ಐ. ದಾಂಡೇಲಿಯಲ್ಲಿ ಇ.ಎಸ್.ಐ. ಆಸ್ಪತ್ರೆಯೂ ಸ್ಥಾಪನೆಯಾಯಿತು.

ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ ರೂಪುಗೊಂಡ ಈ ವ್ಯವಸ್ಥೆ 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲಿಗೆ ಜಾರಿಯಾಯಿತು. 2019ರ ಜುಲೈನಿಂದ ಇದಕ್ಕೆ ಕಾರ್ಮಿಕನ ಪಾಲು ವೇತನದ ಶೇ. 0.75, ಮಾಲೀಕರ ಪಾಲು ಶೇ. 3.25. ತಿಂಗಳಿಗೆ 15,000 ರೂಪಾಯಿ ಪಗಾರ ಪಡೆಯುವವನು 112 ರೂಪಾಯಿ 50 ಪೈಸೆ ಕೊಟ್ಟರೆ ಮಾಲೀಕರು 487 ರೂಪಾಯಿ 50 ಪೈಸೆ ಕೊಡಬೇಕು. ಇದಕ್ಕೆ ಪ್ರತಿಯಾಗಿ ಕಾರ್ಮಿಕನಿಗೆ ಮೂರು ಆಸರೆಗಳು ದೊರೆಯುತ್ತವೆ. ಮೊದಲನೆಯದು, ನೆಗಡಿ ಜ್ವರಕ್ಕೂ ಹೋಗಿ ತೋರಿಸಿಕೊಳ್ಳಬಹುದಾದ ಚಿಕಿತ್ಸಾಲಯ ಮತ್ತು ಔಷಧ. ಎರಡನೆಯದು, ತನಗೂ ಕುಟುಂಬಕ್ಕೂ ಆಸ್ಪತ್ರೆಯ ಹಾಸಿಗೆ. ಮೂರನೆಯದು, ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಿಲೆಯ ದಿನಗಳಲ್ಲಿ ವೇತನದ ಶೇ. 70ರಷ್ಟು ಹಣ, ವರ್ಷದಲ್ಲಿ 91 ದಿನಗಳವರೆಗೆ. ಇ.ಎಸ್.ಐ. ವ್ಯವಸ್ಥೆಯ ಕುಂದುಕೊರತೆಗಳನ್ನು ಕಾರ್ಮಿಕರು ಬಲ್ಲರು. ಆದರೆ ಅದರ ಚೌಕಟ್ಟು ಸರಿಯಾದುದು. ಕಾಯಿಲೆಯೆಂದರೆ ದುಡಿಮೆ ನಿಲ್ಲುವುದು ಎಂಬ ಸತ್ಯವನ್ನು ಆ ಕಾಯ್ದೆ ಬರೆದವರು ಮರೆತಿರಲಿಲ್ಲ.

ಮರೆತದ್ದು ಬೇರೆಯದು. ಆ ಕಾಯ್ದೆಯ ಬೇಲಿಯನ್ನು ಕಾರ್ಖಾನೆಯ ಆವರಣದ ಸುತ್ತ ಹಾಕಲಾಯಿತು. ಹೊಲ ಮತ್ತು ಕಾಡು ಆಚೆಗೆ ಉಳಿದವು. ಕಾರ್ಖಾನೆಗಳಲ್ಲಿಯೂ ‘ಋತುಮಾನದ ಕಾರ್ಖಾನೆ’ ಎಂದು ಒಂದು ವರ್ಗವನ್ನು ಪ್ರತ್ಯೇಕಿಸಿ ಹೊರಗಿಡಲಾಯಿತು. ಸಕ್ಕರೆ, ಬೆಲ್ಲ, ಹತ್ತಿ ಬಿಡಿಸುವುದು, ಶೇಂಗಾ ಸುಲಿಯುವುದು, ಕಾಫಿ, ಚಹಾ ಇವಿಷ್ಟನ್ನೇ ನಡೆಸುವ ಕಾರ್ಖಾನೆಗಳು ಅದರಲ್ಲಿ ಸೇರಿದವು. ಅಂದರೆ ರೈತನ ಹೊಲದ ಬೆಳೆ ನೇರವಾಗಿ ಬಂದು ಬೀಳುವ ಕಾರ್ಖಾನೆಗಳೇ ಬಹುಮಟ್ಟಿಗೆ ಹೊರಗುಳಿದವು. ಹಳೆಯ ಕಾರ್ಮಿಕ ಕಾಯ್ದೆಗಳ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಋತುಮಾನದ ಕಾರ್ಖಾನೆಯನ್ನು ಇ.ಎಸ್.ಐ. ವ್ಯಾಪ್ತಿಯಿಂದ ಹೊರಗೇ ಇರಿಸಿದೆ. ಇನ್ನು ಕಬ್ಬು ಕಡಿಯುವವರ ಮಾತು ದೂರವೇ ಉಳಿಯಿತು. ಅವರು ಮುಂಗಡ ಪಡೆದು ಬಂದ ಗುತ್ತಿಗೆಯ ಜನ. ಮಹಾರಾಷ್ಟ್ರದ ಕಡೆ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಎಣಿಸುವುದು ರೂಢಿ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಒಂದು ಆಯುಧದ ಹೆಸರು.

ಯೋಜನೆಗಳ ಇಪ್ಪತ್ತು ವರ್ಷ

ಬೇಲಿಯ ಆಚೆಗಿದ್ದವರಿಗೂ ಏನಾದರೂ ಆಗಬೇಕೆಂಬ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮುಂದಾಗಿತ್ತು. 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಕಾರ್ಯಾರಂಭ ಮಾಡಿದಾಗ ಸಹಕಾರಿ ಸಂಘದ ಸದಸ್ಯನೊಬ್ಬ ವರ್ಷಕ್ಕೆ 60 ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆಯ ಭದ್ರತೆ ಪಡೆಯಬಹುದಾಗಿತ್ತು. ತಿಂಗಳಿಗೆ 5 ರೂಪಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂಬುದು ಆ ಕಾಲಕ್ಕೆ ನಂಬಲಾಗದ ಸಂಗತಿ. 2008ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂದಿತು. 30 ರೂಪಾಯಿ ನೋಂದಣಿ ಶುಲ್ಕಕ್ಕೆ ಐವರ ಕುಟುಂಬಕ್ಕೆ 30,000 ರೂಪಾಯಿಯವರೆಗೆ ಚಿಕಿತ್ಸೆ. 2010ರಲ್ಲಿ ರಾಜ್ಯದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಉತ್ತರ ಕರ್ನಾಟಕದಲ್ಲಿ ಆರಂಭವಾಯಿತು. 2018ರ ಮಾರ್ಚ್‌ನಲ್ಲಿ ಇಂತಹ ಯೋಜನೆಗಳನ್ನೆಲ್ಲ ಒಗ್ಗೂಡಿಸಿ ಆರೋಗ್ಯ ಕರ್ನಾಟಕ ರೂಪುಗೊಂಡಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಅದು ಬೆಸೆದುಕೊಂಡಿತು. ಯಶಸ್ವಿನಿಯು 2023ರ ಜನವರಿಯಿಂದ ಮತ್ತೆ ಪ್ರತ್ಯೇಕವಾಗಿ ಆರಂಭವಾಯಿತು.

ಇವು ವ್ಯರ್ಥವಾದವೆಂದು ಹೇಳುವುದು ಅನ್ಯಾಯ. ವಾಜಪೇಯಿ ಆರೋಗ್ಯಶ್ರೀ ಕುರಿತು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವು, ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಹೃದ್ರೋಗ, ಕ್ಯಾನ್ಸರ್ ಮೊದಲಾದ ನಿಗದಿತ ಕಾಯಿಲೆಗಳ ಸಾವು ಗಣನೀಯವಾಗಿ ಕಡಿಮೆಯಾಗಿದ್ದುದನ್ನು ಕಂಡಿತು. ಆ ಯೋಜನೆಯಲ್ಲಿ ಹಳ್ಳಿಗಳ ಬಳಿ ತಪಾಸಣಾ ಶಿಬಿರಗಳೂ ನಡೆಯುತ್ತಿದ್ದವೆಂಬುದನ್ನು ಗಮನಿಸಬೇಕು. ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗುವ ಮೊದಲೇ ವೈದ್ಯರು ರೋಗಿಯನ್ನು ಹುಡುಕಿಕೊಂಡು ಬಂದಿದ್ದರು.

ಆದರೂ ವ್ಯಾಪ್ತಿಯ ಪ್ರಶ್ನೆ ಮುಗಿದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಆರೋಗ್ಯ ವೆಚ್ಚದ ಯಾವುದೇ ಭದ್ರತೆ ಇದ್ದವರು ಶೇ. 14ರಷ್ಟು ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕನಿಷ್ಠ ಒಬ್ಬ ಸದಸ್ಯನಾದರೂ ವಿಮೆಯಲ್ಲಿರುವ ಕುಟುಂಬಗಳು ಶೇ. 41ರಷ್ಟು ಕಂಡುಬಂದವು. ಹಳ್ಳಿಯ ಮಟ್ಟದಲ್ಲಿ ಈ ಅಂತರಕ್ಕೆ ಕಾರಣಗಳು ಸರಳ. ಆರೋಗ್ಯ ಕರ್ನಾಟಕದ ಪೂರ್ಣ ಲಾಭ ದೊರೆಯುವುದು ಬಿ.ಪಿ.ಎಲ್. ಚೀಟಿ ಇರುವವರಿಗೆ. ಉಳಿದವರಿಗೆ ಸರ್ಕಾರ ನೀಡುವುದು ಪ್ಯಾಕೇಜ್ ದರದ ಶೇ. 30ರಷ್ಟು. ಚೀಟಿಯಲ್ಲಿ ಹೆಸರು ಸೇರದ ಸೊಸೆ, ಬೇರೆ ಮನೆ ಮಾಡಿಕೊಂಡರೂ ಚೀಟಿ ಸಿಗದ ಮಗ, ವರ್ಷದಲ್ಲಿ ಆರು ತಿಂಗಳು ಊರಲ್ಲಿಲ್ಲದ ವಲಸೆಗಾರ, ಇವರೆಲ್ಲ ಅಂಚಿಗೆ ಸರಿಯುತ್ತಾರೆ. ಯಶಸ್ವಿನಿಗೆ ಸಹಕಾರಿ ಸದಸ್ಯತ್ವ ಬೇಕು. ಹೊಲವಿಲ್ಲದವನು ಬೆಳೆಸಾಲದ ಸೊಸೈಟಿಯ ಸದಸ್ಯನಾಗುವುದು ವಿರಳ. ಪರಿಶಿಷ್ಟರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ಕಾಡಿನಲ್ಲಿ ಅಷ್ಟೇ ಕಷ್ಟದಲ್ಲಿ ಬಾಳುವ ಗೌಳಿಗಳು ಮತ್ತು ಜೋಯಿಡಾದ ಕುಣಬಿಗಳು ಆ ಮಾನ್ಯತೆಗಾಗಿ ಬಹುಕಾಲದಿಂದ ಹೋರಾಡುತ್ತ ಬಂದಿದ್ದಾರೆ. ಕಾಯಿಲೆಗೆ ಈ ಪಟ್ಟಿಗಳ ಪರಿವೆಯಿಲ್ಲ.

ಹಾಸಿಗೆಯ ಮುಂಚೆ, ಹಾಸಿಗೆಯ ನಂತರ

ಎಲ್ಲರ ಕೈಗೂ ಕಾರ್ಡು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಮೂಲಭೂತ ಕೊರತೆ ಉಳಿಯುತ್ತದೆ. ಇ.ಎಸ್.ಐ. ಕೊಡುವ ಮೂರು ಆಸರೆಗಳಲ್ಲಿ ಈ ಕಾರ್ಡು ಕೊಡುವುದು ಒಂದನ್ನು ಮಾತ್ರ, ಆಸ್ಪತ್ರೆಯ ಹಾಸಿಗೆಯನ್ನು. ದಾಖಲಾತಿಗೆ ಮುಂಚಿನ ಮೂರು ದಿನ ಮತ್ತು ಬಿಡುಗಡೆಯ ನಂತರದ ಹದಿನೈದು ದಿನಗಳ ಔಷಧ ಮತ್ತು ಪರೀಕ್ಷೆ ಕೇಂದ್ರದ ಯೋಜನೆಯಲ್ಲಿ ಸೇರಿವೆ. ಆದರೆ ದಾಖಲಾಗದ ಕಾಯಿಲೆಗೆ ವಿಮೆಯಿಲ್ಲ. ತಿಂಗಳುಗಟ್ಟಲೆ ನುಂಗಬೇಕಾದ ರಕ್ತದೊತ್ತಡದ ಮಾತ್ರೆಗಿಲ್ಲ. ಮಲಗಿದ ದಿನಗಳ ಕೂಲಿಗಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಭರಿಸಿದ ಪಾಲು 2021-22ರಲ್ಲಿಯೂ ಶೇ. 39.4ರಷ್ಟಿತ್ತು. ಕೈಗಡ ಹುಡುಕುವ ಮನೆಯ ಕತೆ ಈ ಅಂಕಿಯಲ್ಲಿದೆ.

ಸರಳ ಲೆಕ್ಕವೊಂದನ್ನು ನೋಡಬಹುದು. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಕೂಲಿಯವನೊಬ್ಬ ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿ, ಹೆಂಡತಿ ಅವನ ಪಕ್ಕದಲ್ಲಿ ಕುಳಿತರೆ ನಷ್ಟವಾಗುವುದು ಇಪ್ಪತ್ತು ಆಳಿನ ಕೂಲಿ, ಅಂದರೆ 7,400 ರೂಪಾಯಿ. ಚಿಕಿತ್ಸೆ ಪೂರ್ಣ ಉಚಿತವಾದರೂ ಈ ಹೊಡೆತ ತಪ್ಪದು. ಮನೆಗೆ ಬಂದ ಮೇಲೆ ಭಾರ ಎತ್ತಬಾರದೆಂದು ವೈದ್ಯರು ಹೇಳಿದ ಒಂದು ತಿಂಗಳು ಇದಕ್ಕೆ ಸೇರಿದರೆ ಆಡೋ ಎಮ್ಮೆಯೋ ಮಾರಾಟವಾಗುತ್ತದೆ. ಅದೂ ಇಲ್ಲದವರು ಮುಂದಿನ ಹಂಗಾಮಿನ ಮುಂಗಡಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ.

ಇದರ ಮೇಲೆ ದಾರಿಯ ಖರ್ಚು. ಜೋಯಿಡಾ ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು, ಜನವಸತಿ ಅತಿ ವಿರಳ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿಗೂ ಚದುರಿದ ಮಜರೆಗಳಿಂದ ಡಾಂಬರು ರಸ್ತೆ ಮುಟ್ಟುವುದೇ ಮಳೆಗಾಲದಲ್ಲಿ ಒಂದು ಸಾಹಸ. ಅಲ್ಲಿಂದ ದಾಂಡೇಲಿ, ಅಲ್ಲಿಯೂ ಆಗದಿದ್ದರೆ ಧಾರವಾಡ, ಹುಬ್ಬಳ್ಳಿ ಅಥವಾ ಬೆಳಗಾವಿ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ಅನೇಕ ಜೀವಗಳನ್ನು ಉಳಿಸಿದೆ. ಆದರೆ ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಿಂದ ಅದನ್ನು ಕರೆಯುವುದು ಹೇಗೆ? 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿಯ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಅಸುನೀಗಿದಾಗ, ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಕರಾವಳಿಯಲ್ಲಿ ಭುಗಿಲೆದ್ದಿತು. ಘಟ್ಟದ ಮೇಲಿನವರ ಅಳಲೂ ಅದೇ. ಕಾರ್ಡು ಎಲ್ಲಿ ನಡೆಯುತ್ತದೆಯೋ ಅಲ್ಲಿಗೆ ತಲುಪುವ ದಾರಿ ಉದ್ದ.

ಹಾವು ಕಡಿತದ ಉದಾಹರಣೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ನಿಯಮಿಸಿತು. ಗದ್ದೆಯ ಬದುವಿನಲ್ಲಿ ಕನ್ನಡಿಹಾವು ಅಥವಾ ನಾಗರಹಾವು ಕಡಿದವನಿಗೆ ಬೇಕಾದುದು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಷನಿರೋಧಕ ಔಷಧ ಮತ್ತು ಅದನ್ನು ಕೊಡಬಲ್ಲ ವೈದ್ಯರು, ಅದೂ ತಡಮಾಡದೆ. ಅವೆರಡೂ ಇಲ್ಲದಿದ್ದರೆ ಐದು ಲಕ್ಷದ ಭರವಸೆ ಅವನ ಪಾಲಿಗೆ ಬಹಳ ತಡವಾಗಿ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯೂ ಹಾಗೆಯೇ. ಉಣ್ಣೆಯಿಂದ ಹರಡುವ ಆ ರೋಗ ತಗಲುವುದು ಬೇಸಿಗೆಯಲ್ಲಿ ದರಕು, ಸೌದೆ, ಕಾಡು ಹುಟ್ಟುವಳಿಗಾಗಿ ಕಾಡಿಗೆ ಹೋಗುವವರಿಗೆ. ಅಲ್ಲಿ ಪ್ರಾಣ ಉಳಿಸುವುದು ಮೊದಲ ಜ್ವರದಲ್ಲೇ ಆಗುವ ರಕ್ತಪರೀಕ್ಷೆ ಮತ್ತು ನಿಗಾ.

ಪರಿಸರದ ಮಾತೂ ಹೌದು

ಪರಿಸರ ಪತ್ರಿಕೆಗೆ ವಿಮೆಯ ಉಸಾಬರಿ ಏಕೆಂದು ಕೆಲವರು ಕೇಳಬಹುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಡುಬಂದ ಹೊಸ ಸೈನಿಕ ಹುಳು ಬಹುಬೇಗ ಗೋವಿನಜೋಳದ ಸೀಮೆಯನ್ನೆಲ್ಲ ವ್ಯಾಪಿಸಿತು. ಸುಳಿಯೊಳಗೆ ಅಡಗುವ ಆ ಹುಳುವಿಗಾಗಿ ಸಿಂಪಡಣೆ ಹೆಚ್ಚಿತು. ಹತ್ತಿಯ ಹೊಲದಲ್ಲಂತೂ ಸಿಂಪಡಣೆ ಹಳೆಯ ರೂಢಿ. ಆಳೆತ್ತರದ ಬೆಳೆಯೊಳಗೆ ನಡೆದು ಬರಿಗೈಯಲ್ಲಿ ಔಷಧ ಹೊಡೆಯುವವನು ಹೊಲದ ಒಡೆಯನಿಗಿಂತ ಹೆಚ್ಚಾಗಿ ಕೂಲಿಯಾಳು. ಸಂಜೆಗೆ ತಲೆಸುತ್ತು, ವಾಕರಿಕೆ, ಕಣ್ಣುರಿ. ಮರುದಿನ ಮತ್ತೆ ಪಂಪು ಹೆಗಲಿಗೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಸಿಂಪಡಣೆಯ ವಿಷದಿಂದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಮಾತ್ರ ಇದು ದೊಡ್ಡ ಸುದ್ದಿಯಾಯಿತು. ಸಾಯದೆ, ಆಸ್ಪತ್ರೆಗೂ ಸೇರದೆ ನಿಧಾನವಾಗಿ ಬಳಲುವವರು ಯಾವ ವಿಮೆಯ ಕಡತದಲ್ಲೂ ದಾಖಲಾಗುವುದಿಲ್ಲ. ಮಣ್ಣಿಗೆ ಬಿದ್ದ ವಿಷವನ್ನು ಲೆಕ್ಕ ಹಾಕುವ ಚಳವಳಿ ಮೈಗೆ ಬಿದ್ದ ವಿಷವನ್ನು ಬಿಡುವಂತಿಲ್ಲ.

ಹಾಸಿಗೆಗೆ ಮಾತ್ರ ಹಣ ಸಿಗುವ ವ್ಯವಸ್ಥೆಗೆ ಇನ್ನೊಂದು ಅಪಾಯವಿದೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರ ಸ್ಥಿತಿಯನ್ನು ಪರಿಶೀಲಿಸಿತು. ಸಮೀಕ್ಷೆಗೆ ಒಳಗಾದ 82 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಹತ್ತು ವರ್ಷಗಳಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದರು. ಮುಟ್ಟಿನ ದಿನ ರಜೆ ಹಾಕಿದರೆ ದಂಡ, ಬಿಳಿಮುಟ್ಟಿಗೆ ಸರಿಯಾದ ಮದ್ದಿಲ್ಲ, ಶಸ್ತ್ರಚಿಕಿತ್ಸೆಗೆ ಮಾತ್ರ ದಾರಿ ತೆರೆದಿದೆ. ಸಣ್ಣ ಚಿಕಿತ್ಸೆ ಕೈಗೆಟುಕದೆ ದೊಡ್ಡ ಚಿಕಿತ್ಸೆಯೇ ಸುಲಭವಾದಾಗ ಬಡವರ ದೇಹ ಹೀಗೆ ಬೆಲೆ ತೆರುತ್ತದೆ. ಕಬ್ಬಿನ ಸೀಮೆಯಾದ ಹಳಿಯಾಳ ಈ ಪಾಠವನ್ನು ಮೊದಲೇ ಕಲಿಯುವುದು ಒಳಿತು.

ದಾರಿ ತೋರಿಸಿದವರು

ಕೂಲಿಯನ್ನೂ ದಾರಿಯನ್ನೂ ವಿಮೆಯಲ್ಲಿ ಸೇರಿಸುವುದು ಹೊಸ ಕಲ್ಪನೆಯೇನಲ್ಲ. 1883ರಲ್ಲಿ ಜರ್ಮನಿ ಜಾರಿಗೆ ತಂದ ಮೊದಲ ಕಾಯಿಲೆ ವಿಮಾ ಕಾಯ್ದೆಯಲ್ಲೇ ಹದಿಮೂರು ವಾರಗಳವರೆಗೆ ಅರ್ಧ ಕೂಲಿಯ ಏರ್ಪಾಡಿತ್ತು. 2002ರಲ್ಲಿ ಕರುಣಾ ಟ್ರಸ್ಟ್ ತಿ. ನರಸೀಪುರ ಮತ್ತು ಬೈಲಹೊಂಗಲ ಭಾಗಗಳಲ್ಲಿ ನಡೆಸಿದ ಸಮುದಾಯ ವಿಮೆಯಲ್ಲಿ, ಸರ್ಕಾರಿ ಆಸ್ಪತ್ರೆಗೆ ದಾಖಲಾದ ಬಡವರಿಗೆ ಕೂಲಿನಷ್ಟಕ್ಕಾಗಿ ದಿನಕ್ಕೆ 50 ರೂಪಾಯಿ ಕೊಡಲಾಗುತ್ತಿತ್ತು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಪ್ರತಿ ದಾಖಲಾತಿಗೆ 100 ರೂಪಾಯಿ ಪ್ರಯಾಣ ಭತ್ಯೆ ಇತ್ತು. ಆಂಧ್ರಪ್ರದೇಶ 2019ರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿಗೆ ದಿನಕ್ಕೆ 225 ರೂಪಾಯಿಯಂತೆ, ತಿಂಗಳಿಗೆ 5,000 ರೂಪಾಯಿ ಮೀರದ ನೆರವನ್ನು ಆರಂಭಿಸಿತು. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ಕಲ್ಯಾಣ ನಿಗಮಕ್ಕೆ ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ಪಡೆಯುವ ನಿರ್ಧಾರವಾಯಿತು.

ನೀಲಗಿರಿಯ ಗೂಡಲೂರಿನ ಆದಿವಾಸಿಗಳ ಪ್ರಯೋಗ ಮಲೆನಾಡಿಗೆ ಇನ್ನೂ ಹತ್ತಿರದ್ದು. ಪಣಿಯರು, ಕುರುಂಬರು, ಕಾಟುನಾಯಕರು ಮೊದಲಾದ ಸಮುದಾಯಗಳು ಮೊದಲು ಹಾಡಿಗಳಲ್ಲಿ ತಮ್ಮವರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದವು. ಅವರ ಮೇಲೆ ಉಪಕೇಂದ್ರಗಳು, ಅವುಗಳ ಮೇಲೆ ಆದಿವಾಸಿ ಆಸ್ಪತ್ರೆ. ಈ ತಳಹದಿಯ ಮೇಲೆ 1992ರಲ್ಲಿ ವಿಮೆ ಬಂದಿತು. ನಮ್ಮಲ್ಲಿ ವಿಮೆ ಮೊದಲು ಬಂದಿತು, ತಳಹದಿ ಹಿಂದೆ ಬಿದ್ದಿತು. ಮುಂಡಗೋಡದಲ್ಲಿ 1966ರಿಂದ ನೆಲೆನಿಂತ ಟಿಬೆಟನ್ ನಿರಾಶ್ರಿತರು ಸಹ ಮೊದಲು ತಮ್ಮ ಆಸ್ಪತ್ರೆಯನ್ನು ಕಟ್ಟಿಕೊಂಡರು. ಅವರ ಆಡಳಿತ ವ್ಯವಸ್ಥೆ 2012ರಲ್ಲಿ ಸದಸ್ಯರ ವಾರ್ಷಿಕ ವಂತಿಗೆಯ ಮೇಲೆ ನಿಂತ ಆರೋಗ್ಯ ನಿಧಿಯನ್ನು ಆರಂಭಿಸಿತು. ನೆಲ ಕಳೆದುಕೊಂಡು ಬಂದವರು ನಮ್ಮ ನೆರೆಯಲ್ಲೇ ಮಾಡಿ ತೋರಿಸಿದ ಕೆಲಸವಿದು.

ಆಗಬೇಕಾದುದು

ಈ ನಾಲ್ಕು ತಾಲ್ಲೂಕುಗಳಿಗೆ ಬೇಕಾದುದು ಇನ್ನೊಂದು ಹೊಸ ಹೆಸರಿನ ಕಾರ್ಡಲ್ಲ. ಇರುವ ಕಾರ್ಡಿಗೆ ದಾರಿ, ಮದ್ದು ಮತ್ತು ಕೂಲಿ ಈ ಮೂರನ್ನು ಜೋಡಿಸಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ವಿಷನಿರೋಧಕ ಔಷಧ ಮತ್ತು ನಿತ್ಯದ ಮಾತ್ರೆಗಳ ದಾಸ್ತಾನು ಇರಬೇಕು. ಕಾಡಂಚಿನ ಹಳ್ಳಿಗಳಿಂದ ದಾಖಲಾಗುವವರಿಗೆ ದೂರಕ್ಕೆ ತಕ್ಕ ಪ್ರಯಾಣ ಭತ್ಯೆ ದೊರೆಯಬೇಕು. 2018ರಲ್ಲಿ ಕೇಂದ್ರ ಸಂಪುಟ ಆಯುಷ್ಮಾನ್ ಭಾರತಕ್ಕೆ ಒಪ್ಪಿಗೆ ನೀಡಿದಾಗ ಪ್ರಯಾಣ ಭತ್ಯೆಯ ಮಾತೂ ಇತ್ತು, ಅದನ್ನು ನೆನಪಿಸಬೇಕು. ದಾಖಲಾದ ದಿನಗಳಿಗೆ ಕನಿಷ್ಠ ಉದ್ಯೋಗ ಖಾತರಿಯ ದರದಲ್ಲಾದರೂ ಕೂಲಿ ಸಿಗಬೇಕು. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗುಗಳು ಇಳಿಯುವ ಜಾಗಕ್ಕೆ ಸಂಚಾರಿ ಆರೋಗ್ಯ ಘಟಕ ಹೋಗಬೇಕು. ಟನ್ನಿನ ಲೆಕ್ಕದಲ್ಲಿ ಲಾಭ ಕಾಣುವ ಉದ್ಯಮ, ಟನ್ನಿನ ಲೆಕ್ಕದಲ್ಲೇ ಇದರ ವೆಚ್ಚದ ಪಾಲನ್ನೂ ಹೊರುವುದು ನ್ಯಾಯ.

ಇವೆಲ್ಲ ಸರ್ಕಾರದಿಂದ ಆಗಬೇಕಾದ ಕೆಲಸಗಳು. ಹಳ್ಳಿಯವರು ಕಾಯದೆ ಮಾಡಬಹುದಾದುದೂ ಇದೆ. ಮುಂದಿನ ಗ್ರಾಮಸಭೆಗೆ ಮುಂಚೆ ಪ್ರತಿ ಮಜರೆಯಲ್ಲಿ ಒಂದು ಪಟ್ಟಿ ಸಿದ್ಧವಾಗಲಿ. ಯಾರ ಮನೆಯಲ್ಲಿ ಚೀಟಿಯಿಲ್ಲ, ಯಾರ ಹೆಸರು ಬಿಟ್ಟುಹೋಗಿದೆ, ಕಳೆದ ವರ್ಷ ಕಾಯಿಲೆಗಾಗಿ ಯಾರು ಎಷ್ಟು ಸಾಲ ಮಾಡಿದರು, ಎಷ್ಟು ದಿನದ ಕೂಲಿ ಹೋಯಿತು, ಯಾವ ಆಸ್ಪತ್ರೆಗೆ ಎಷ್ಟು ಬಾಡಿಗೆ ಕೊಟ್ಟರು ಎಂಬ ಐದು ಪ್ರಶ್ನೆಗಳು ಸಾಕು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಾಲೇಜುಗಳ ವಿದ್ಯಾರ್ಥಿ ಮಿತ್ರರಿಗೆ ಇದಕ್ಕಿಂತ ಉತ್ತಮವಾದ ಕ್ಷೇತ್ರಕಾರ್ಯ ಸಿಗಲಾರದು. ಮರಗಳನ್ನು ಎಣಿಸಿ, ಹಕ್ಕಿಗಳನ್ನು ಎಣಿಸಿ ಕಾಡಿನ ಪರ ವಾದ ಮಂಡಿಸಿದ ಸೀಮೆಯಿದು. ಅದೇ ಶಿಸ್ತಿನಿಂದ ಮನೆಮನೆಯ ಕಾಯಿಲೆಯ ಸಾಲವನ್ನೂ ಎಣಿಸಿದರೆ, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಅದು ದಾಖಲಾದರೆ, ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿನಿಂದ ವಿಧಾನಸೌಧದವರೆಗೆ ಅದನ್ನು ಒಯ್ಯಬಹುದು.

ಈ ಹಂಗಾಮು ಮುಗಿಯುವುದರೊಳಗೆ ಒಂದು ಪಂಚಾಯಿತಿಯಲ್ಲಾದರೂ ಆ ಪಟ್ಟಿ ಪೂರ್ಣಗೊಳ್ಳಲಿ. ಉಳಿದ ಪಂಚಾಯಿತಿಗಳು ಅದನ್ನು ನೋಡಿ ಮುಂದುವರಿಸುತ್ತವೆ.